ಸ್ಪಾರ್ಟಾದ ಪಕ್ಕದಲ್ಲಿ ಫ್ರೆಂಚ್ ಕೋಟೆ ಹೇಗೆ ಬಂತು?

ಪ್ರಶ್ನೆ: ಕೆಲಸದ ಮೇಲೆ ಜರ್ಮನಿಯಲ್ಲಿದ್ದೇನೆ. ಈ ಸಲ ರಜೆಗೆ ಗ್ರೀಸ್‌ಗೆ ಹೋದಾಗ ಸ್ಪಾರ್ಟಾ ಹತ್ತಿರದ ಮಿಸ್ತ್ರಾಸ್ ನೋಡಿದೆವು. ಗುಡ್ಡದ ನೆತ್ತಿಯ ಕೋಟೆಯನ್ನು 1249ರಲ್ಲಿ ಒಬ್ಬ ಫ್ರೆಂಚ್ ದೊರೆ ಕಟ್ಟಿಸಿದ್ದು ಎಂದು ಅಲ್ಲಿ ತಿಳಿಯಿತು. ಕ್ರುಸೇಡ್ ಎಂದರೆ ಜೆರುಸಲೇಮಿಗಾಗಿ ಮುಸ್ಲಿಮರೊಂದಿಗೆ ನಡೆದ ಯುದ್ಧ ಎಂದಷ್ಟೇ ಓದಿದ್ದೆ. ಕ್ರೈಸ್ತರದೇ ಆದ ಗ್ರೀಕ್ ನಾಡಿಗೆ ಇವರು ಯಾಕೆ ಬಂದರು? ಅಷ್ಟು ಕಡಿಮೆ ಜನ ಇನ್ನೂರು ವರ್ಷ ಹೇಗೆ ಉಳಿದರು? ಕೊನೆಗೆ ಗ್ರೀಕರು ಒಗ್ಗಟ್ಟಾಗಿ ಓಡಿಸಿದರೇ?

ಉತ್ತರ:

ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಆ ಊಹೆ ಬಹಳ ಜನರಲ್ಲಿದೆ. ಗ್ರೀಕರು ಒಗ್ಗಟ್ಟಾಗಿ ಎದ್ದು ಫ್ರೆಂಚರನ್ನು ಓಡಿಸಿದ್ದು ಎಂದೂ ನಡೆಯಲಿಲ್ಲ. ನೀವು ನೋಡಿದ ಕೋಟೆ ಅಖಾಯಾ ಸಂಸ್ಥಾನದ್ದು. ಆಗ ಮೊರೆಯಾ ಎಂದೂ ಕರೆಯುತ್ತಿದ್ದ ಪೆಲೊಪೊನೀಸ್ ಪರ್ಯಾಯದ್ವೀಪವೇ ಅದರ ನೆಲ. 1205ರಲ್ಲಿ ಹುಟ್ಟಿದ ಆ ರಾಜ್ಯ 1432ರಲ್ಲಿ ಮುಗಿಯಿತು. ನಡುವೆ ಯುದ್ಧಗಳು ಬೇಕಾದಷ್ಟು ನಡೆದವು, ಆದರೆ ಅದರ ಹಣೆಬರಹ ಬರೆದದ್ದು ಕರಾರು ಪತ್ರಗಳು, ಮದುವೆಗಳು ಮತ್ತು ವಾರಸುದಾರಿಕೆಯ ಕಟ್ಟಳೆಗಳು ಎಂದೇ ನನಗೆ ಅನಿಸುತ್ತದೆ. ಅದನ್ನು ಹಿಡಿದುಕೊಂಡೇ ಕಥೆ ಹೇಳುತ್ತೇನೆ.

ಬಂದದ್ದು ಹೇಗೆ ಎಂಬುದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ. ನಾಲ್ಕನೇ ಕ್ರುಸೇಡ್‌ನ ಮುಖಂಡರು 1201ರಲ್ಲಿ ವೆನಿಸ್ ಜೊತೆ ಹಡಗುಗಳಿಗೆ ಒಪ್ಪಂದ ಮಾಡಿಕೊಂಡರು: 33,500 ಜನರನ್ನು ಸಾಗಿಸಬೇಕು, ಬದಲಿಗೆ 85,000 ಬೆಳ್ಳಿ ಮಾರ್ಕ್. ಹೊರಡುವ ಹೊತ್ತಿಗೆ ಬಂದವರು ಸುಮಾರು ಮೂರನೇ ಒಂದು ಭಾಗ. ಹಡಗುಗಳೇನೋ ಸಿದ್ಧವಿದ್ದವು, ಕೊಡಲು ಹಣವಿರಲಿಲ್ಲ. ಸಾಲದ ಕಂತಾಗಿ ವೆನಿಸ್ ತೋರಿಸಿದ ಝಾರಾ ಪಟ್ಟಣವನ್ನು 1202ರಲ್ಲಿ ಹಿಡಿದುಕೊಟ್ಟರು. ಅದೂ ಕ್ರೈಸ್ತರ ಊರೇ. ಅಷ್ಟರಲ್ಲಿ ಪಟ್ಟ ಕಳೆದುಕೊಂಡಿದ್ದ ಬೈಜಾಂಟೈನ್ (ಅಂದರೆ ಪೂರ್ವದ ಗ್ರೀಕ್ ಕ್ರೈಸ್ತ ಸಾಮ್ರಾಜ್ಯದ) ಸಾಮ್ರಾಟನ ಮಗ ಅಲೆಕ್ಸಿಯೋಸ್, ತನ್ನನ್ನು ಸಿಂಹಾಸನದ ಮೇಲೆ ಕೂರಿಸಿದರೆ 2,00,000 ಮಾರ್ಕ್ ಕೊಡುತ್ತೇನೆಂದ. ಕೂರಿಸಿದರು. ಅವನಿಂದ ಪೂರ್ತಿ ಕೊಡಲಾಗಲಿಲ್ಲ, ಅರಮನೆಯ ಪಿತೂರಿಯಲ್ಲಿ ಜೀವವೂ ಹೋಯಿತು. 1204ರ ಏಪ್ರಿಲ್‌ನಲ್ಲಿ ಕ್ರುಸೇಡರುಗಳು ಕಾನ್‌ಸ್ಟಾಂಟಿನೋಪಲ್ ನಗರವನ್ನೇ ಹೊಡೆದು ದೋಚಿದರು, ಸಾಮ್ರಾಜ್ಯವನ್ನು ಕಾಗದದ ಮೇಲೆ ಹಂಚಿಕೊಂಡರು. ಜೆರುಸಲೇಮಿನ ಮಾತು ಅಲ್ಲಿಗೆ ನಿಂತಿತು.

ಪೆಲೊಪೊನೀಸ್ ಕೈಸೇರಿದ್ದು ಮಾತ್ರ ಈ ಹಂಚಿಕೆಯಂತೆ ಅಲ್ಲ. ಶಾಂಪೇನ್ ಪ್ರಾಂತದ ಜೋಫ್ರುವಾ ದ ವಿಲಾರ್ದುವಾಂ ಎಂಬ ಯುವಕ ನೇರವಾಗಿ ಸಿರಿಯಾಕ್ಕೆ ಹೋಗಿದ್ದವನು, ಕಾನ್‌ಸ್ಟಾಂಟಿನೋಪಲ್‌ನ ಸುದ್ದಿ ಕೇಳಿ ಪಾಲು ಕೇಳಲು ಹೊರಟ. ಗಾಳಿ ಅವನ ಹಡಗನ್ನು ಪೆಲೊಪೊನೀಸ್‌ನ ನೈಋತ್ಯ ತುದಿಯ ಮೆಥೋನಿಗೆ ತಳ್ಳಿತು. ಅಲ್ಲೊಬ್ಬ ಗ್ರೀಕ್ ಸರದಾರ ಅವನನ್ನು ಜೊತೆಗೆ ಸೇರಿಸಿಕೊಂಡು ಅಕ್ಕಪಕ್ಕದ ಸೀಮೆ ಹಿಡಿಯಲು ಹೊರಟ. ಅಂದರೆ ಮೊರೆಯಾದಲ್ಲಿ ಫ್ರೆಂಚ್ ಕತ್ತಿಯನ್ನು ಮೊದಲು ಬಳಸಿಕೊಂಡದ್ದು ಒಬ್ಬ ಗ್ರೀಕನೇ! ಆ ಸರದಾರ ತೀರಿಕೊಂಡ ಮೇಲೆ ಅವನ ಮಗ ಒಪ್ಪಂದ ಮುರಿದ. ಜೋಫ್ರುವಾ ಶತ್ರುಗಳ ನಾಡಿನೊಳಗೆ ಆರು ದಿನ ಕುದುರೆ ಓಡಿಸಿ, ನಾಫ್‌ಪ್ಲಿಯೋಗೆ ಮುತ್ತಿಗೆ ಹಾಕಿ ಕೂತಿದ್ದ ಕ್ರುಸೇಡರುಗಳ ಪಾಳೆಯ ತಲುಪಿದ. ಅಲ್ಲಿ ಊರ ಕಡೆಯ ಗೆಳೆಯ ಗಿಯೋಮ್ ದ ಶಾಂಪ್ಲಿತ್ ಸಿಕ್ಕ. ಮೊರೆಯಾ ಎಂಬ ಸಂಪದ್ಭರಿತ ನಾಡಿದೆ, ಹಿಡಿಯೋಣ ಬಾ, ನೀನು ಕೊಟ್ಟಷ್ಟನ್ನು ನಿನ್ನ ಅಧೀನನಾಗಿ ಇಟ್ಟುಕೊಳ್ಳುತ್ತೇನೆ ಎಂದ. ಸುಮಾರು ನೂರು ನೈಟ್‌ಗಳು ಮತ್ತು ಕೆಲವು ನೂರು ಕೆಳದರ್ಜೆಯ ಸವಾರರು ಹೊರಟರು. ಅದೇ 1205ರಲ್ಲಿ ಕುಂಡೂರಾಸ್ ಎಂಬ ಆಲಿವ್ ತೋಪಿನಲ್ಲಿ, ತಮಗಿಂತ ಹಲವು ಪಟ್ಟು ದೊಡ್ಡ ಗ್ರೀಕ್ ಪಡೆಯನ್ನು ಒಂದೇ ಕಾಳಗದಲ್ಲಿ ಸೋಲಿಸಿದರು. ವರ್ಷದ ಕೊನೆಗೆ ಪೋಪ್ ಮೂರನೇ ಇನ್ನೊಸೆಂಟ್ ಶಾಂಪ್ಲಿತ್‌ನನ್ನು ‘ಅಖಾಯಾದ ಪ್ರಭು’ ಎಂದು ಪತ್ರದಲ್ಲಿ ಕರೆದಾಗಿತ್ತು.

ಇನ್ನು ನಿಮ್ಮ ಎರಡನೇ ಪ್ರಶ್ನೆ. ಕಾಳಗ ಗೆಲ್ಲಲು ಐನೂರು ಜನ ಸಾಕಾಗಬಹುದು. ಬೆಟ್ಟ ಕಣಿವೆಗಳ ಒಂದು ಇಡೀ ಪರ್ಯಾಯದ್ವೀಪವನ್ನು ಆಳಲು ಸಾಲುವುದಿಲ್ಲ. ಅಲ್ಲಿನ ನಿಜವಾದ ಯಜಮಾನರು ‘ಆರ್ಖೋನ್’ಗಳು. ಬೈಜಾಂಟೈನ್ ಅಧಿಕಾರ ಕ್ಷೀಣಿಸುತ್ತ ಬಂದಂತೆ ಭೂಮಿ, ಕೋಟೆ, ಆಳುಕಾಳು ಎಲ್ಲ ಇವರ ಕೈಗೆ ಬಂದಿತ್ತು. ನಮ್ಮ ಓದುಗರಿಗೆ ಪಾಳೆಯಗಾರರು ಎಂದರೆ ಬೇಗ ಅರ್ಥವಾದೀತು. ಇವರೊಂದಿಗೆ ಫ್ರೆಂಚರು ಮಾಡಿಕೊಂಡ ಒಪ್ಪಂದವನ್ನು ‘ಮೊರೆಯಾದ ವೃತ್ತಾಂತ’ ಎಂಬ ಹದಿನಾಲ್ಕನೇ ಶತಮಾನದ ದೀರ್ಘ ಪದ್ಯಕಥನ ವಿವರಿಸುತ್ತದೆ: ಆರ್ಖೋನ್‌ಗಳ ಜಮೀನು ಅವರಿಗೇ ಇರಲಿ, ಬದಲಿಗೆ ಯುದ್ಧಸೇವೆ ಸಲ್ಲಿಸಲಿ, ರೈತರು ಸಾಮ್ರಾಟನ ಕಾಲದಲ್ಲಿ ಇದ್ದಂತೆಯೇ ಇರಲಿ, ಯಾವ ಫ್ರಾಂಕನೂ (ಪಶ್ಚಿಮ ಯುರೋಪಿನಿಂದ ಬಂದವನೂ) ಗ್ರೀಕನಿಗೆ ಧರ್ಮ ಬದಲಿಸು ಎಂದು ಬಲವಂತ ಮಾಡಕೂಡದು. ಯಾರದ್ದು ಎಷ್ಟು ಎಂದು ಬರೆದಿಡಲು ಎರಡೂ ಕಡೆಯವರಿದ್ದ ಒಂದು ಮಂಡಳಿ ಕೂತಿತು. ಹಂಚಲು ಉಳಿದದ್ದು ಸಾಮ್ರಾಟನ ಖಾಸಾ ಭೂಮಿ, ಚರ್ಚಿನ ಭೂಮಿ, ಊರು ಬಿಟ್ಟುಹೋದವರ ಭೂಮಿ.

ರೈತರು ‘ಇದ್ದಂತೆಯೇ ಇರಲಿ’ ಎಂಬುದನ್ನು ಔದಾರ್ಯ ಎಂದು ಓದಬೇಡಿ. ಮೊದಲು ಗ್ರೀಕ್ ಒಡೆಯನಿಗೆ ದುಡಿಯುತ್ತಿದ್ದ ಒಕ್ಕಲು ಈಗ ಫ್ರೆಂಚ್ ಒಡೆಯನಿಗೆ ಅಥವಾ ಅದೇ ಗ್ರೀಕ್ ಒಡೆಯನಿಗೆ ದುಡಿದ, ನೆಲ ಬಿಟ್ಟು ಹೋಗುವ ಸ್ವಾತಂತ್ರ್ಯ ಎರಡೂ ಕಾಲದಲ್ಲಿ ಅವನಿಗಿರಲಿಲ್ಲ. ಒಪ್ಪಂದ ನಡೆದದ್ದು ಯಜಮಾನ ಯಜಮಾನರ ನಡುವೆ.

ಗೆದ್ದ ನೆಲವನ್ನು ಸುಮಾರು ಹನ್ನೆರಡು ಬ್ಯಾರನ್‌ಗಿರಿಗಳಾಗಿ ಒಡೆದರು. ಒಂದೊಂದಕ್ಕೂ ಇಷ್ಟು ನೈಟ್‌ಗಳನ್ನು ಸಾಕುವ ಉಂಬಳಿ ಎಂಬ ಲೆಕ್ಕ: ಅಕೋವಾ ಮತ್ತು ಪಾತ್ರಾಸ್‌ಗೆ 24, ಕರಿತೇನಾಗೆ 22, ಸಣ್ಣವಕ್ಕೆ ನಾಲ್ಕು. ಅಕೋವಾ ಎಂಬ ಹೆಸರನ್ನು ನೆನಪಿಟ್ಟುಕೊಳ್ಳಿ, ಅದು ಮತ್ತೆ ಬರುತ್ತದೆ. ಉಂಬಳಿ ಪಡೆದವನು ವರ್ಷದಲ್ಲಿ ನಾಲ್ಕು ತಿಂಗಳು ಕೋಟೆ ಕಾಯಬೇಕು, ನಾಲ್ಕು ತಿಂಗಳು ದಂಡಿನಲ್ಲಿರಬೇಕು, ಉಳಿದ ನಾಲ್ಕು ತಿಂಗಳು ಅವನಿಷ್ಟ. ಸದಾ ಯುದ್ಧಕ್ಕೆ ಸಿದ್ಧವಾಗಿರಬೇಕಾದ ಚಿಕ್ಕ ರಾಜ್ಯಕ್ಕೆ ತಕ್ಕ ನಿಯಮ. ಈ ಪದ್ಧತಿಗಳೆಲ್ಲ ಮುಂದೆ 1330–40ರ ದಶಕಗಳಲ್ಲಿ ‘ರೊಮೇನಿಯಾದ ಕಟ್ಟಳೆಗಳು’ ಎಂಬ ಸಂಹಿತೆಯಾಗಿ ಬರಹಕ್ಕಿಳಿದವು. ಇಲ್ಲಿನ ರೊಮೇನಿಯಾ ಎಂದರೆ ಬೈಜಾಂಟೈನ್ ನೆಲ, ಇಂದಿನ ದೇಶವಲ್ಲ. ಅದರಲ್ಲೊಂದು ಕುತೂಹಲದ ಕಲಮು ಇದೆ: ಹಳೆಯ ಕಾಲದಿಂದ ಉಂಬಳಿ ಹಿಡಿದ ಗ್ರೀಕರ ಮನೆಯಲ್ಲಿ ಗಂಡುಹೆಣ್ಣು ಮಕ್ಕಳಿಗೆ ಸಮಪಾಲು. ಫ್ರೆಂಚ್ ಮನೆಗಳಲ್ಲಿ ಹಿರಿಯ ಮಗನಿಗೆ ಎಲ್ಲವೂ. ಸೋತವರ ವಾರಸಾ ಪದ್ಧತಿಯನ್ನು ಗೆದ್ದವರು ತಮ್ಮದೇ ಶಾಸನದಲ್ಲಿ ಕಾಪಾಡಿದ ಉದಾಹರಣೆ ಆ ಕಾಲದಲ್ಲಿ ಅಪರೂಪ.

ಗ್ರೀಕರಿಗಿಂತ ಹೆಚ್ಚಾಗಿ ಪ್ರಭುವಿನೊಡನೆ ಜಗಳವಾಡಿದ್ದು ಅವನದೇ ಲ್ಯಾಟಿನ್ ಚರ್ಚು, ಅಂದರೆ ರೋಮಿನ ಪೋಪ್‌ನ ಅಧೀನದ ಚರ್ಚು. ಶಾಂಪ್ಲಿತ್ 1208ರಲ್ಲಿ ಊರಿನ ಆಸ್ತಿ ಕೇಳಲು ಹೊರಟು ದಾರಿಯಲ್ಲೇ ತೀರಿಕೊಂಡ ಮೇಲೆ ಜೋಫ್ರುವಾ ಪ್ರಭುವಾಗಿದ್ದ. ಪಾದ್ರಿಗಳ ಕೈಲಿ ಅಷ್ಟೊಂದು ಭೂಮಿ ಇದೆ, ಯುದ್ಧಕ್ಕೆ ನೆರವು ಕೊಡಿ ಎಂದು ಕೇಳಿದ. ನಾವು ಪೋಪ್‌ಗೆ ಮಾತ್ರ ಬದ್ಧರು ಎಂದರು. ಮೂರು ವರ್ಷ ಚರ್ಚಿನ ಆದಾಯವನ್ನೇ ಮುಟ್ಟುಗೋಲು ಹಾಕಿಕೊಂಡು, ಆ ಹಣದಲ್ಲಿ ಪಶ್ಚಿಮ ಕರಾವಳಿಯ ಗುಡ್ಡದ ಮೇಲೆ ಖ್ಲೆಮೂತ್ಸಿ ಕೋಟೆ ಕಟ್ಟಿಸಿದ. ಬಹಿಷ್ಕಾರ ಬಿತ್ತು. ಕೋಟೆ ಮುಗಿದ ಮೇಲೆ, 1223ರಲ್ಲಿ, ರಾಜಿಯೂ ಆಯಿತು. ಮುಂದಿನ ಸಲ ಹೋದರೆ ಖ್ಲೆಮೂತ್ಸಿಯನ್ನು ತಪ್ಪಿಸಬೇಡಿ. ನನ್ನ ಕೇಳಿದರೆ ಫ್ರೆಂಚ್ ಮೊರೆಯಾವನ್ನು ನೋಡಲು ಮಿಸ್ತ್ರಾಸ್‌ಗಿಂತ ಅದೇ ಸರಿಯಾದ ಜಾಗ. ಮಿಸ್ತ್ರಾಸ್‌ನಲ್ಲಿ ನೀವು ಕಂಡ ಚರ್ಚುಗಳು, ಅರಮನೆ ಎಲ್ಲ ಬಹುಪಾಲು ನಂತರದ ಗ್ರೀಕ್ ಆಳ್ವಿಕೆಯವು.

ಮಿಸ್ತ್ರಾಸ್ ಕೋಟೆ ಕಟ್ಟಿಸಿದವನು ಜೋಫ್ರುವಾನ ಕಿರಿಯ ಮಗ, ಎರಡನೇ ಗಿಯೋಮ್. 1246ರಲ್ಲಿ ಪ್ರಭುವಾದ. ಕಲಮಾಟಾದಲ್ಲಿ ಹುಟ್ಟಿದವನು, ಗ್ರೀಕ್ ಮಾತಾಡುತ್ತಿದ್ದ, ಮೂರನೇ ಹೆಂಡತಿ ಅನ್ನಾ ಎಪಿರಸ್‌ನ ಗ್ರೀಕ್ ಅರಸನ ಮಗಳು. ಮೂರು ವರ್ಷ ಮುತ್ತಿಗೆ ಹಾಕಿ 1248ರಲ್ಲಿ ಮೊನೆಂವಾಸಿಯಾ ಬಂಡೆಕೋಟೆಯನ್ನು ಇಳಿಸಿಕೊಂಡ, ಮಿಸ್ತ್ರಾಸ್ ಮತ್ತು ಮೈನಾ ಕೋಟೆಗಳನ್ನು ಕಟ್ಟಿಸಿದ. ಫ್ರಾನ್ಸಿನ ಒಂಬತ್ತನೇ ಲೂಯಿಯ ಕ್ರುಸೇಡ್‌ಗೆ ಹೋಗಿ, ಫ್ರೆಂಚ್ ಮಾದರಿಯ ನಾಣ್ಯ ಅಚ್ಚೊತ್ತುವ ಅಪ್ಪಣೆ ಪಡೆದು ಬಂದ. ಗ್ಲಾರೆಂತ್ಸಾ ಬಂದರಿನ ಟಂಕಸಾಲೆಯ ಆ ನಾಣ್ಯಗಳು ಗ್ರೀಸ್ ತುಂಬ ಓಡಾಡಿದವು. ಮೊರೆಯಾದ ನೈಟ್‌ಗಳು ಪ್ಯಾರಿಸ್‌ನವರಷ್ಟೇ ಚೆನ್ನಾಗಿ ಫ್ರೆಂಚ್ ಮಾತಾಡುತ್ತಾರೆ ಎಂದು ಮುಂದೆ ಕಟಲಾನ್ ಬರಹಗಾರ ಮುಂತಾನೆರ್ ದಾಖಲಿಸಿದ.

ಆಮೇಲೆ 1259 ಬಂತು. ಕಾನ್‌ಸ್ಟಾಂಟಿನೋಪಲ್ ಕಳೆದುಕೊಂಡ ಗ್ರೀಕರು ನಿಕಾಯಾದಲ್ಲಿ ಒಂದು ರಾಜ್ಯ ಕಟ್ಟಿಕೊಂಡಿದ್ದರು, ಎಪಿರಸ್‌ನಲ್ಲಿ ಇನ್ನೊಂದು. ಇವೆರಡಕ್ಕೂ ಪರಸ್ಪರ ಆಗದು. ಮಾವನ ಪರವಾಗಿ ಗಿಯೋಮ್ ನಿಕಾಯಾದ ಮೇಲೆ ದಂಡೆತ್ತಿ ಮ್ಯಾಸಿಡೋನಿಯಾದ ಪೆಲಗೋನಿಯಾ ಬಯಲಿಗೆ ಹೋದ. ಕಾಳಗಕ್ಕೆ ಮುಂಚೆ ಎಪಿರಸ್‌ನವರು ರಾತ್ರೋರಾತ್ರಿ ಜಾಗ ಖಾಲಿ ಮಾಡಿದರು. ಮಾವನ ಮಗನೊಬ್ಬನ ಹೆಂಡತಿಯನ್ನು ಫ್ರೆಂಚ್ ನೈಟ್‌ಗಳು ಕೆಟ್ಟ ಕಣ್ಣಿನಿಂದ ನೋಡಿದ್ದೇ ಜಗಳಕ್ಕೆ ಕಾರಣ ಎಂದು ಒಬ್ಬ ಬೈಜಾಂಟೈನ್ ಇತಿಹಾಸಕಾರ ಬರೆಯುತ್ತಾನೆ. ಫ್ರೆಂಚ್ ಪಡೆ ನುಚ್ಚುನೂರಾಯಿತು. ಗಿಯೋಮ್ ಕಸ್ತೋರಿಯಾ ಹತ್ತಿರ ಹುಲ್ಲಿನ ರಾಶಿಯಲ್ಲಿ ಅಡಗಿಕೊಂಡಿದ್ದ, ಮುಂದಕ್ಕೆ ಚಾಚಿದ ಹಲ್ಲುಗಳಿಂದಾಗಿ ಗುರುತು ಸಿಕ್ಕಿ ಸೆರೆಯಾದ.

ನಿಕಾಯಾದ ಮಿಖಾಯಿಲ್ ಪಾಲೆಯೊಲೊಗೋಸ್ ಬಿಡುಗಡೆಗೆ ಇಡೀ ಮೊರೆಯಾವನ್ನೇ ಕೇಳಿದ. ವೃತ್ತಾಂತದ ಪ್ರಕಾರ ಗಿಯೋಮ್ ಕೊಟ್ಟ ಉತ್ತರದಲ್ಲಿ ಆ ರಾಜ್ಯದ ಸ್ವರೂಪವೇ ಇದೆ: ಈ ನಾಡು ನನ್ನ ಸ್ವಂತದ್ದಲ್ಲ, ನನ್ನ ತಂದೆಯೂ ಅವನ ಸಂಗಾತಿಗಳೂ ಸೇರಿ ಗೆದ್ದು ಹಂಚಿಕೊಂಡದ್ದು, ಕೊಡುವ ಅಧಿಕಾರ ನನಗೊಬ್ಬನಿಗೇ ಇಲ್ಲ. ಎರಡು ವರ್ಷ ಸೆರೆಯಲ್ಲೇ ಕಳೆದ. 1261ರ ಜುಲೈನಲ್ಲಿ ಮಿಖಾಯಿಲ್‌ನ ಪಡೆ ಕಾನ್‌ಸ್ಟಾಂಟಿನೋಪಲ್ ಮರಳಿ ಪಡೆದ ಮೇಲೆ ಬೇಡಿಕೆ ಇಳಿಯಿತು: ಮೊನೆಂವಾಸಿಯಾ, ಮೈನಾ, ಮಿಸ್ತ್ರಾಸ್ ಕೊಟ್ಟರೆ ಸಾಕು.

ಇದನ್ನು ನಿರ್ಧರಿಸಲು ನಿಕ್ಲಿಯಲ್ಲಿ ಸೇರಿದ ಸಭೆ ಮಧ್ಯಯುಗದ ವಿಚಿತ್ರ ಸಭೆಗಳಲ್ಲೊಂದು. ಬ್ಯಾರನ್‌ಗಳು ಸತ್ತಿದ್ದರು ಇಲ್ಲವೇ ಪ್ರಭುವಿನೊಂದಿಗೆ ಸೆರೆಯಲ್ಲಿದ್ದರು, ಹಾಗಾಗಿ ಸಭೆಯಲ್ಲಿ ಕೂತವರು ಬಹುತೇಕ ಅವರ ಹೆಂಡತಿಯರು. ‘ಹೆಂಗಸರ ಪಾರ್ಲಿಮೆಂಟ್’ ಎಂದೇ ಅದು ಹೆಸರಾಗಿದೆ. ಅಥೆನ್ಸಿನ ಒಡೆಯ ಗಿ ದ ಲಾ ರೋಶ್ ವಿರೋಧಿಸಿದ: ಆ ಮೂರು ಕೋಟೆ ಕೊಟ್ಟರೆ ಸಾಮ್ರಾಟ ಅಲ್ಲಿಗೆ ಸೈನ್ಯ ತಂದು ನಮ್ಮನ್ನೆಲ್ಲ ಹೊರಗೆ ಹಾಕುತ್ತಾನೆ, ಬೇಕಿದ್ದರೆ ಪ್ರಭುವಿನ ಬದಲು ನಾನೇ ಸೆರೆಮನೆಗೆ ಹೋಗುತ್ತೇನೆ. ಅವನು ಹೇಳಿದ್ದು ಸರಿಯಿತ್ತು. ಆದರೆ ಸಭೆಯಲ್ಲಿದ್ದವರಿಗೆ ತಮ್ಮ ಗಂಡಂದಿರು ಬೇಕಿತ್ತು, ಅದರಲ್ಲಿ ತಪ್ಪೇನೂ ಕಾಣುವುದಿಲ್ಲ. ಕೋಟೆಗಳು ಹೋದವು. ಮಾತಿಗೆ ಭದ್ರತೆಯಾಗಿ ಇಬ್ಬರು ಹೆಣ್ಣುಮಕ್ಕಳನ್ನು ಒತ್ತೆಯಿಟ್ಟು ಕಾನ್‌ಸ್ಟಾಂಟಿನೋಪಲ್‌ಗೆ ಕಳಿಸಿದರು. ಅವರಲ್ಲೊಬ್ಬಳು ಪಸ್ಸಾವಾಂ ಮನೆತನದ ಮಾರ್ಗರೀತ್.

ಹೀಗೆ ಫ್ರೆಂಚ್ ದೊರೆ ಕಟ್ಟಿಸಿದ ಮಿಸ್ತ್ರಾಸ್ ಹದಿಮೂರು ವರ್ಷ ಕಳೆಯುವುದರೊಳಗೆ ಗ್ರೀಕರ ಪಾಲಾಯಿತು. ಗಿಯೋಮ್ ಮಾತ್ರ ಸಾಮ್ರಾಟನ ವಿರುದ್ಧ ಕತ್ತಿ ಎತ್ತುವುದಿಲ್ಲ ಎಂದು ಇಟ್ಟ ಆಣೆಯಿಂದ ಪೋಪ್ ಮೂಲಕ ಬಿಡಿಸಿಕೊಂಡು 1263ರ ವೇಳೆಗೆ ಮತ್ತೆ ಯುದ್ಧದಲ್ಲಿದ್ದ. ಪ್ರಿನಿತ್ಸಾದಲ್ಲಿ ಮುನ್ನೂರು ಫ್ರೆಂಚರು ಹದಿನೈದು ಸಾವಿರ ಜನರನ್ನು ಸೋಲಿಸಿದರು ಎನ್ನುತ್ತದೆ ವೃತ್ತಾಂತ. ಸಂಖ್ಯೆ ಕವಿಯದ್ದು, ಗೆಲುವು ನಿಜ. ಫ್ರೆಂಚರ ನಾಯಕ ಕತಾವಾಸ್‌ನಿಗೆ ಸಂಧಿವಾತ, ಧ್ವಜ ಹಿಡಿಯಲಾಗದೆ ಕೈಗೆ ಕಟ್ಟಿಸಿಕೊಂಡು ನುಗ್ಗಿದನಂತೆ. ಮಕ್ರಿಪ್ಲಾಗಿ ಕಾಳಗ ತಿರುಗಿದ್ದು ಇನ್ನೂ ಲೌಕಿಕ ಕಾರಣಕ್ಕೆ. ಸಾಮ್ರಾಟನ ಪಡೆಯಲ್ಲಿದ್ದ ತುರ್ಕ್ ಕೂಲಿಸೈನಿಕರಿಗೆ ತಿಂಗಳುಗಟ್ಟಲೆ ಸಂಬಳ ಬಂದಿರಲಿಲ್ಲ, ಅವರು ಫ್ರೆಂಚರ ಕಡೆ ಬಂದರು. ಕ್ರುಸೇಡರುಗಳ ರಾಜ್ಯವನ್ನು ಉಳಿಸಿದ್ದು ಸಂಬಳ ಸಿಗದ ತುರ್ಕರು. ಅವರಲ್ಲಿ ಕೆಲವರು ದೀಕ್ಷಾಸ್ನಾನ ಪಡೆದು ಮೊರೆಯಾದಲ್ಲೇ ನೆಲೆ ನಿಂತರು.

ಮಾರ್ಗರೀತ್ ಕಥೆಗೆ ಬರೋಣ. ಅವಳು ಒತ್ತೆಯಾಳಾಗಿದ್ದಾಗಲೇ ಅಕೋವಾದ ಒಡೆಯ, ಅವಳ ಸೋದರಮಾವ, ಮಕ್ಕಳಿಲ್ಲದೆ ತೀರಿಕೊಂಡ. ವಾರಸುದಾರಳು ಅವಳೇ. ಆದರೆ ಕಟ್ಟಳೆ ಹೀಗಿತ್ತು: ವಾರಸುದಾರ ಗೊತ್ತುಪಡಿಸಿದ ಗಡುವಿನೊಳಗೆ ಪ್ರಭುವಿನ ಮುಂದೆ ಹಾಜರಾಗಿ ಕೇಳಬೇಕು. ಅವಳು ಹಿಂತಿರುಗುವಾಗ ಗಡುವು ಮೀರಿತ್ತು, ಗಿಯೋಮ್ ಅಕೋವಾವನ್ನು ತಾನೇ ಇಟ್ಟುಕೊಂಡಿದ್ದ. ಅವನ ಬಿಡುಗಡೆಗಾಗಿಯೇ ಒತ್ತೆ ಹೋದವಳು! ಒಂಟಿ ಹೆಣ್ಣಿನ ಮಾತಿಗೆ ಬೆಲೆಯಿಲ್ಲ ಎಂದು ಕಂಡು, ಬಲಿಷ್ಠ ಸೇಂಟ್ ಓಮರ್ ಮನೆಯ ಜಾನ್‌ನನ್ನು ಮದುವೆಯಾಗಿ ಮತ್ತೆ ಬಂದಳು. ಗ್ಲಾರೆಂತ್ಸಾದ ಚರ್ಚಿನಲ್ಲಿ ನ್ಯಾಯಸಭೆ ಕೂತಿತು. ಕಾನೂನಿನ ಪ್ರಕಾರ ಕೇಳುತ್ತೀರೋ, ನನ್ನ ಕೃಪೆಯೆಂದು ಕೇಳುತ್ತೀರೋ ಎಂದು ಪ್ರಭು ಕೇಳಿದ. ಕಾನೂನಿನ ಪ್ರಕಾರವೇ ಎಂದ ಅವಳ ಮೈದುನ, ಗರ್ವದಿಂದ. ಹಾಗಾದರೆ ನಾನೂ ಕಕ್ಷಿದಾರ ಎಂದು ಗಿಯೋಮ್ ಅಧ್ಯಕ್ಷನ ದಂಡವನ್ನು ಚಾನ್ಸೆಲರನ ಕೈಗಿತ್ತು, ತನ್ನ ಪರ ತಾನೇ ವಾದಿಸಿ ಗೆದ್ದ. ಗೆದ್ದ ಮೇಲೆ ಕೃಪೆಯೆಂದು ಮೂರನೇ ಒಂದು ಭಾಗವನ್ನು ಮಾರ್ಗರೀತ್‌ಗೆ ಕೊಟ್ಟು, ಉಳಿದದ್ದನ್ನು ತನ್ನ ಕಿರಿಮಗಳಿಗೆ ಬರೆದ. ಆ ಮಗಳ ಹೆಸರೂ ಮಾರ್ಗರೀತ್.

ಕಟ್ಟಳೆಯನ್ನು ಇಷ್ಟು ಚೆನ್ನಾಗಿ ಬಲ್ಲವನು 1267ರ ಮೇ 24ರಂದು ವಿತೆರ್ಬೋದಲ್ಲಿ ಸಹಿ ಹಾಕಿದ ಪತ್ರವನ್ನು ನೋಡಿದರೆ ಆಶ್ಚರ್ಯವಾಗುತ್ತದೆ. ಗಂಡುಮಕ್ಕಳಿಲ್ಲ, ಮಿಸ್ತ್ರಾಸ್‌ನಿಂದ ಗ್ರೀಕರ ಒತ್ತಡ ನಿಲ್ಲುತ್ತಿಲ್ಲ. ಸಿಸಿಲಿ ನೇಪಲ್ಸ್‌ನ ಹೊಸ ದೊರೆ ಶಾರ್ಲ್ ದಾಂಜು ನೆರವು ಕೊಡುತ್ತಾನೆ, ಆದರೆ ಬೆಲೆ ಇದು: ಹಿರಿಮಗಳು ಇಸಾಬೆಲ್ ಶಾರ್ಲ್‌ನ ಮಗನನ್ನು ಮದುವೆಯಾಗಬೇಕು, ಆ ಮಗ ಮಕ್ಕಳಿಲ್ಲದೆ ಸತ್ತರೆ ಸಂಸ್ಥಾನ ಶಾರ್ಲ್‌ನ ಮನೆಗೇ ಹೋಗಬೇಕು. ಅಂದರೆ ಇಸಾಬೆಲ್ ಬದುಕಿದ್ದೂ ವಾರಸುದಾರಳಲ್ಲ. ಹಾಗೆಯೇ ಆಯಿತು. ಅಳಿಯ 1277ರಲ್ಲಿ, ಗಿಯೋಮ್ 1278ರಲ್ಲಿ ತೀರಿಕೊಂಡರು. ಮೊರೆಯಾ ನೇಪಲ್ಸ್‌ನಿಂದ ಬರುವ ಅಧಿಕಾರಿಗಳ ಕೈಗೆ ಹೋಯಿತು.

ನನ್ನ ಮಟ್ಟಿಗೆ ಪೆಲಗೋನಿಯಾಕ್ಕಿಂತ ದೊಡ್ಡ ಸೋಲು ಇದು. ಅದುವರೆಗಿನ ಪ್ರಭುಗಳು ಅಲ್ಲೇ ಇದ್ದು ಆಳಿದವರು, ಆರ್ಖೋನ್‌ಗಳ ಮುಖಪರಿಚಯ ಇದ್ದವರು. ಆಮೇಲಿನವರಿಗೆ ಅದು ದೂರದ ಆಸ್ತಿ. 1289ರಲ್ಲಿ ಇಸಾಬೆಲ್‌ಗೆ ಎರಡನೇ ಗಂಡನ ಜೊತೆ ರಾಜ್ಯ ಮರಳಿ ಕೊಟ್ಟರು ನಿಜ, ಜೊತೆಗೆ ಷರತ್ತೂ ಹಾಕಿದರು: ಅವಳಾಗಲಿ ಮುಂದಿನ ಹೆಣ್ಣು ವಾರಸುದಾರಳಾಗಲಿ ವಿಧವೆಯಾಗಿ ನೇಪಲ್ಸ್ ಅಪ್ಪಣೆಯಿಲ್ಲದೆ ಮದುವೆಯಾದರೆ ರಾಜ್ಯ ಮುಟ್ಟುಗೋಲು. ಈ ಒಂದು ಸಾಲಿನಿಂದಲೇ ಇಸಾಬೆಲ್‌ಳ ಮಗಳು ಮಟಿಲ್ಡಾ ಬದುಕು ಮುಗಿಯಿತು. ನೇಪಲ್ಸ್ ಆರಿಸಿದ ವರ ಬೇಡ, ಗುಟ್ಟಾಗಿ ಬೇರೊಬ್ಬನನ್ನು ಮದುವೆಯಾಗಿದ್ದೇನೆ ಎಂದು ಪೋಪ್ ಮುಂದೆ ಹೇಳಿದಳು. ರಾಜ್ಯ ಹೋಯಿತು, 1331ರಲ್ಲಿ ಇಟಲಿಯ ಸೆರೆಯಲ್ಲೇ ಸತ್ತಳು.

ಅಕೋವಾ ಪಡೆದ ಕಿರಿಮಗಳು ಮಾರ್ಗರೀತ್‌ಳದೂ ಅಂಥದೇ ಕಥೆ. ಅಕ್ಕನ ನಂತರ ಸಂಸ್ಥಾನ ತನ್ನದು ಎಂದು ವಾದಿಸಿ, ಮಗಳನ್ನು ಮಯೋರ್ಕಾದ ರಾಜಕುಮಾರ ಫೆರ್ದಿನಾಂದ್‌ಗೆ ಕೊಟ್ಟಳು. ಸಿಟ್ಟಿಗೆದ್ದ ಬ್ಯಾರನ್‌ಗಳು ಅವಳನ್ನು ಖ್ಲೆಮೂತ್ಸಿಯಲ್ಲಿ ಕೂಡಿಹಾಕಿದರು, 1315ರಲ್ಲಿ ಅಲ್ಲೇ ತೀರಿಕೊಂಡಳು. ಹಕ್ಕು ಸ್ಥಾಪಿಸಲು ಬಂದ ಫೆರ್ದಿನಾಂದ್ 1316ರ ಜುಲೈನಲ್ಲಿ ಮನೊಲಾದಾ ಕಾಳಗದಲ್ಲಿ ಸತ್ತ, ಅವನನ್ನು ಸೋಲಿಸಿದ ಮಟಿಲ್ಡಾಳ ಆಗಿನ ಗಂಡ ಲೂಯಿಯೂ ಕೆಲವೇ ವಾರಗಳಲ್ಲಿ ಹೋದ. ಅದಕ್ಕೆ ಐದು ವರ್ಷ ಮುಂಚೆ, 1311ರಲ್ಲಿ, ಅಥೆನ್ಸಿನ ಒಡೆಯ ಸಂಬಳ ಕೊಡದೆ ಹೊರಗೆ ಹಾಕಿದ್ದ ಕಟಲಾನ್ ಕೂಲಿಪಡೆ ಫ್ರೆಂಚ್ ಗ್ರೀಸಿನ ನೈಟ್‌ಗಳನ್ನು ಜೌಗು ನೆಲಕ್ಕೆ ಎಳೆದು ಕೊಂದಿತ್ತು. ಹಳೆಯ ಮನೆತನಗಳಲ್ಲಿ ಉಳಿದವರೇ ಕಡಿಮೆ. 1320ರಲ್ಲಿ ಮಿಸ್ತ್ರಾಸ್‌ನ ಗ್ರೀಕ್ ಅಧಿಕಾರಿ ಬಂದಾಗ ಅಕೋವಾ, ಕರಿತೇನಾ ಎರಡೂ ಕೋಟೆಗಳು ಕೈಬದಲಾದವು.

ಉಳಿದ ನೂರು ವರ್ಷವನ್ನು ಬೇಗ ಮುಗಿಸಬಹುದು. ಸಂಸ್ಥಾನ ಕುಗ್ಗುತ್ತ ವಾಯವ್ಯದ ಮೂಲೆಗೆ ಬಂತು, ಪ್ರಭು ಪದವಿ ಅಡವಿಡುವ, ಮಾರುವ ಸರಕಾಯಿತು. ಕೊನೆಯ ಪ್ರಭು ಚೆಂತುರಿಯೋನೆ ಝಕ್ಕಾರಿಯಾ ಜಿನೋವಾ ಮೂಲದ ಮನೆತನದವನು, 1404ರಲ್ಲಿ ಪದವಿಯನ್ನು ನೇಪಲ್ಸ್‌ನಿಂದ ಪಡೆದವನು. ಮಿಸ್ತ್ರಾಸ್‌ನ ಪಾಲೆಯೊಲೊಗೋಸ್ ಸಹೋದರರು ಮುತ್ತಿಗೆ ಹಾಕಿದಾಗ ಅವನು ಮಾಡಿದ್ದೂ ಮದುವೆಯ ಕರಾರೇ: ಮಗಳು ಕ್ಯಾಥರೀನ್‌ಳನ್ನು ಥೋಮಾಸ್ ಪಾಲೆಯೊಲೊಗೋಸ್‌ಗೆ ಕೊಟ್ಟು, ರಾಜ್ಯವನ್ನು ವರದಕ್ಷಿಣೆಯಾಗಿ ಬಿಟ್ಟು, ಕರಾವಳಿಯ ಪಿತ್ರಾರ್ಜಿತ ಬ್ಯಾರನ್‌ಗಿರಿಯೊಂದನ್ನು ಸಾಯುವವರೆಗೆ ಉಳಿಸಿಕೊಂಡ. 1430ರಲ್ಲಿ ಮಿಸ್ತ್ರಾಸ್‌ನಲ್ಲಿ ಮದುವೆ ನಡೆಯಿತು, 1432ರಲ್ಲಿ ಮಾವ ತೀರಿಕೊಂಡಾಗ ಅಳಿಯ ಅದನ್ನೂ ಸೇರಿಸಿಕೊಂಡ.

ಆದರೂ ಹಕ್ಕು ಕೇಳುವವನು ಇನ್ನೊಬ್ಬನಿದ್ದ. ಚೆಂತುರಿಯೋನೆಯ ಅನೌರಸ ಮಗ ಜಾನ್ ಅಸೆನ್, ಕಾನ್‌ಸ್ಟಾಂಟಿನೋಪಲ್ ತುರ್ಕರಿಗೆ ಬಿದ್ದ ವರ್ಷ ಎದ್ದ ದಂಗೆಯಲ್ಲಿ ತಾನೇ ಅಖಾಯಾದ ಪ್ರಭು ಎಂದು ಘೋಷಿಸಿಕೊಂಡ. ಪಾಲೆಯೊಲೊಗೋಸ್ ಸಹೋದರರು ಅದನ್ನು ಅಡಗಿಸಿದ್ದು ಆಟೋಮನ್ ಸೈನ್ಯದ ನೆರವಿನಿಂದ, ಮತ್ತು ಅದೇ ಆಟೋಮನ್ನರು 1460ರಲ್ಲಿ ಅವರಿಂದ ಮಿಸ್ತ್ರಾಸ್ ಕಿತ್ತುಕೊಂಡರು. ಥೋಮಾಸ್ ಇಟಲಿಗೆ ಓಡಿದ. ಜಾನ್ ಅಸೆನ್ ಕೂಡ ಕೊನೆಗೆ ತಲುಪಿದ್ದು ರೋಮಿಗೇ, ಪೋಪ್ ಕೊಡುವ ಪಿಂಚಣಿಗೆ.